ಮಗುವಿನ ಲಂಗೋಟಿ ಮತ್ತು ನಮ್ಮ ತಹಾರತ್

ಕಳೆದ ಮಳೆಗಾಲದ ಒಂದು ಭಾನುವಾರ. ಕುಪ್ಪಗಡ್ಡೆಯಲ್ಲಿ ಅಸ್ರ್ ನಮಾಝ್‌ನ ಬಳಿಕ ಮಹಿಳೆಯರಿಗಾಗಿ ನಡೆಸುವ ವಾರದ ತರಗತಿಯಲ್ಲಿ ತಹಾರತ್‌ನ ಅಧ್ಯಾಯ ಸಾಗುತ್ತಿತ್ತು. ಪಾಠ ಮುಗಿದ ಮೇಲೆ ಪರದೆಯ ಆಚೆಯಿಂದ ಒಬ್ಬ ಯುವ ತಾಯಿ ಕೇಳಿದರು: "ಹಜ್ರತ್, ಮಗುವಿಗೆ ಡೈಪರ್ ಹಾಕಿರುತ್ತೇವೆ. ನಾನು ನಮಾಝ್‌ನಲ್ಲಿರುವಾಗ ಅದು ತೆವಳಿಕೊಂಡು ಬಂದು ಮಡಿಲಲ್ಲಿ ಕೂರುತ್ತದೆ. ನನ್ನ ನಮಾಝ್ ಆಗುತ್ತದೆಯೇ? ಡೈಪರ್ ಬಿಟ್ಟು ಬಟ್ಟೆಯ ಲಂಗೋಟಿಯನ್ನೇ ಕಟ್ಟುವುದು ಮೇಲೇ?" ಪಕ್ಕದಲ್ಲಿದ್ದ ಅವರ ಅತ್ತೆ ಕೂಡಲೇ, "ನಾವು ಆರು ಮಕ್ಕಳನ್ನು ಹಳೆ ಸೀರೆಯ ತುಂಡಿನಲ್ಲೇ ಬೆಳೆಸಿದೆವು. ಈಗಿನವರಿಗೆ ಒಗೆಯಲು ಸೋಮಾರಿತನ" ಎಂದರು. ಹಲವರು ನಕ್ಕರು. ಸೊಸೆಯ ನಗು ಮಾತ್ರ ಕೇಳಿಸಲಿಲ್ಲ.

ಪ್ರಶ್ನೆ ಸಣ್ಣದು, ಮನೆಯ ಮೂಲೆಯದು. ಮಿಂಬರ್‌ನ ಮೇಲೆ ನಿಂತು ಯಾರೂ ಇದರ ಬಗ್ಗೆ ಮಾತನಾಡುವುದಿಲ್ಲ. ಆದರೆ ಮಗುವಿರುವ ಪ್ರತಿಯೊಂದು ಮನೆಯಲ್ಲಿ ದಿನಕ್ಕೆ ಹತ್ತು ಬಾರಿ ಎದುರಾಗುವ ಪ್ರಶ್ನೆ ಇದು. ನಮ್ಮ ದೀನ್ ಇಂತಹ ಪ್ರಶ್ನೆಗಳನ್ನು ಎಂದೂ ಕೀಳಾಗಿ ಕಂಡಿಲ್ಲ. ಹದೀಸ್ ಸಂಗ್ರಹಗಳ ಆರಂಭದ ಅಧ್ಯಾಯಗಳಲ್ಲೇ ಮಗುವಿನ ಮೂತ್ರದ ಕುರಿತ ವರದಿಗಳು ಸಿಗುತ್ತವೆ ಎಂಬುದೇ ಅದಕ್ಕೆ ಸಾಕ್ಷಿ. ಅಂದು ನಾನು ನೀಡಿದ ಉತ್ತರವನ್ನು ಮೊದಲು ಇಲ್ಲಿ ಬರೆಯುತ್ತೇನೆ. ಆ ಉತ್ತರ ಏಕೆ ಅಪೂರ್ಣವಾಗಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಪ್ರವಾದಿವರ್ಯರ(ಸ) ಮಡಿಲಲ್ಲಿ ಮಗು

ಉಮ್ಮು ಕೈಸ್ ಬಿಂತ್ ಮಿಹ್‌ಸನ್(ರ) ಎಂಬ ಸಹಾಬಿ ಮಹಿಳೆ, ಇನ್ನೂ ಆಹಾರ ತಿನ್ನಲಾರಂಭಿಸದ ತಮ್ಮ ಗಂಡು ಮಗುವನ್ನು ಪ್ರವಾದಿವರ್ಯರ(ಸ) ಬಳಿಗೆ ತಂದರು. ಪ್ರವಾದಿವರ್ಯರು(ಸ) ಅದನ್ನು ಮಡಿಲಲ್ಲಿ ಕುಳ್ಳಿರಿಸಿಕೊಂಡರು. ಮಗು ಅವರ ಉಡುಪಿನ ಮೇಲೆಯೇ ಮೂತ್ರ ಮಾಡಿತು. ಅವರು ಸಿಡುಕಲಿಲ್ಲ, ಮಗುವನ್ನು ದೂರ ಸರಿಸಲಿಲ್ಲ. ನೀರು ತರಿಸಿ ಉಡುಪಿನ ಮೇಲೆ ಚಿಮುಕಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಘಟನೆ ವರದಿಯಾಗಿದೆ. ಹುಸೈನ್(ರ) ಮಗುವಾಗಿದ್ದಾಗ ಇಂತಹುದೇ ಪ್ರಸಂಗ ನಡೆದು, ಲುಬಾಬಾ(ರ)ರವರು ಉಡುಪನ್ನು ಒಗೆದುಕೊಡಲು ಮುಂದಾದಾಗ, ಗಂಡು ಮಗುವಿನದಾದರೆ ನೀರು ಚಿಮುಕಿಸಬೇಕು, ಹೆಣ್ಣು ಮಗುವಿನದಾದರೆ ತೊಳೆಯಬೇಕು ಎಂದು ಅವರು ತಿಳಿಸಿದರೆಂದು ಅಬೂದಾವೂದ್‌ನಲ್ಲಿದೆ.

ಈ ವರದಿಗಳನ್ನು ಫಿಕ್‌ಹ್‌ನ ಇಮಾಮರು ಬೇರೆಬೇರೆ ರೀತಿಯಲ್ಲಿ ಅರ್ಥೈಸಿದ್ದಾರೆ. ಕರಾವಳಿಯ ನಮ್ಮ ಅನೇಕ ಸಹೋದರರು ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಕಾರ, ಎರಡು ವರ್ಷ ತುಂಬದ, ಹಾಲಲ್ಲದೆ ಬೇರೆ ಆಹಾರ ಸೇವಿಸದ ಗಂಡು ಮಗುವಿನ ಮೂತ್ರ ತಾಗಿದ ಜಾಗಕ್ಕೆ ನೀರು ಚಿಮುಕಿಸಿದರೆ ಸಾಕು. ಹೆಣ್ಣು ಮಗುವಿನದನ್ನು ತೊಳೆಯಬೇಕು. ಸೊರಬ, ಶಿಕಾರಿಪುರದ ಕಡೆ ಹೆಚ್ಚಾಗಿ ಅನುಸರಿಸುವ ಹನಫೀ ಮದ್‌ಹಬ್‌ನಲ್ಲಿ ಗಂಡಾಗಲಿ ಹೆಣ್ಣಾಗಲಿ ತೊಳೆಯಲೇಬೇಕು. ಕಣ್ಣಿಗೆ ಕಾಣದ ನಜಸ್ ಆಗಿದ್ದರೆ ಮೂರು ಬಾರಿ ತೊಳೆದು ಪ್ರತಿ ಬಾರಿಯೂ ಹಿಂಡಬೇಕು. ಹರಿಯುವ ನೀರಿನಲ್ಲಿ ಅಥವಾ ನಲ್ಲಿಯ ಕೆಳಗೆ ಧಾರಾಳವಾಗಿ ನೀರು ಹಾಯಿಸಿ, ಶುಚಿಯಾಯಿತೆಂದು ಮನಸ್ಸಿಗೆ ಖಚಿತವಾದರೂ ಸಾಕು. ಮಲದ ವಿಷಯದಲ್ಲಿ ಎರಡೂ ಮದ್‌ಹಬ್‌ಗಳಿಗೆ ಒಂದೇ ಮಾತು. ಅದನ್ನು ಸಂಪೂರ್ಣ ನಿವಾರಿಸಬೇಕು.

ನಮಾಝ್‌ನ ಪ್ರಶ್ನೆಗೆ ಉಮಾಮಾ(ರ)ರ ಪ್ರಸಂಗ ದಾರಿ ತೋರುತ್ತದೆ. ಪ್ರವಾದಿವರ್ಯರು(ಸ) ತಮ್ಮ ಮಗಳು ಝೈನಬ್(ರ)ರ ಪುಟ್ಟ ಹೆಣ್ಣುಮಗುವನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದರು. ಸುಜೂದ್‌ಗೆ ಹೋಗುವಾಗ ಕೆಳಗಿಳಿಸುತ್ತಿದ್ದರು, ಎದ್ದು ನಿಲ್ಲುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಇದರಿಂದ ವಿದ್ವಾಂಸರು ಗ್ರಹಿಸಿದ ಒಂದು ಅಂಶವೆಂದರೆ, ನಜಸ್ ಇದೆಯೆಂದು ತಿಳಿಯುವವರೆಗೂ ಮಗುವಿನ ಬಟ್ಟೆಯನ್ನು ಶುದ್ಧವೆಂದೇ ಭಾವಿಸಬೇಕು. ಬರಿಯ ಸಂಶಯದಿಂದ ಖಚಿತವಾದುದು ಅಳಿಯುವುದಿಲ್ಲ ಎಂಬುದು ಫಿಕ್‌ಹ್‌ನ ಪ್ರಸಿದ್ಧ ಸೂತ್ರ. ಆದುದರಿಂದ ನಮಾಝ್‌ನ ಮಧ್ಯೆ ಡೈಪರನ್ನು ತಡವಿ ನೋಡುತ್ತಾ ವಸ್‌ವಸೆಗೆ ಒಳಗಾಗಬೇಕಿಲ್ಲ. ತಾನಾಗಿಯೇ ಬಂದು ಮಡಿಲೇರಿ ಕೂರಬಲ್ಲ ಮಗುವಿನಿಂದ ನಮಾಝ್ ಕೆಡುವುದಿಲ್ಲವೆಂದು ಹನಫೀ ಗ್ರಂಥಗಳಲ್ಲಿದೆ. ಆದರೆ ಡೈಪರ್‌ನಲ್ಲಿ ಮಲಮೂತ್ರವಿರುವುದು ತಿಳಿದಿದ್ದೂ ನಾವೇ ಮಗುವನ್ನು ಎತ್ತಿಕೊಂಡು ನಮಾಝ್‌ಗೆ ನಿಲ್ಲಬಾರದು. ಹೊರಗೆ ಸೋರದಿದ್ದರೂ ಒಳಗಿರುವುದು ನಜಸ್ಸೇ. ಮೊದಲು ಬದಲಿಸಬೇಕು, ಆಮೇಲೆ ನಿಲ್ಲಬೇಕು.

ಅಂದರೆ ಬಟ್ಟೆಯೋ ಡೈಪರೋ ಎಂಬ ಆಯ್ಕೆಯನ್ನು ಶರೀಅತ್ ನಮ್ಮ ಅನುಕೂಲಕ್ಕೆ ಬಿಟ್ಟಿದೆ. ಎರಡೂ ಮುಬಾಹ್. ಒಂದು ಹೆಚ್ಚು ಧಾರ್ಮಿಕ, ಇನ್ನೊಂದು ಕಡಿಮೆ ಧಾರ್ಮಿಕ ಎಂಬುದಿಲ್ಲ. ನಾನು ಇಷ್ಟು ಹೇಳಿ ಪುಸ್ತಕ ಮುಚ್ಚಿದೆ. ಉತ್ತರ ಪೂರ್ಣವಾಯಿತೆಂದು ಭಾವಿಸಿದ್ದೆ.

ಹಿಂದಿನ ಸಾಲಿನಿಂದ ಬಂದ ಪ್ರಶ್ನೆ

ಆಗ ಹಿಂದಿನ ಸಾಲಿನಿಂದ ಇನ್ನೊಂದು ದನಿ ಕೇಳಿಸಿತು. ಆ ಸಹೋದರಿ ಪಂಚಾಯಿತಿಯ ಕಸದ ವಾಹನದಲ್ಲಿ ದುಡಿಯುವವರು. ಮನೆಮನೆಯಿಂದ ಒಣಕಸ ಸಂಗ್ರಹಿಸಿ, ಘಟಕಕ್ಕೆ ಒಯ್ದು, ಪ್ಲಾಸ್ಟಿಕ್, ಕಾಗದ, ಬಾಟಲಿ ಎಂದು ಕೈಯಿಂದ ವಿಂಗಡಿಸುವುದು ಅವರ ಕೆಲಸ. ಅವರು ಕೇಳಿದರು: "ಹಜ್ರತ್, ನೀವು ಹೇಳಿದಂತೆ ಮಗು ಪಾಕ್ ಆಯಿತು, ತಾಯಿಯ ನಮಾಝ್ ಆಯಿತು. ಆ ಡೈಪರ್ ನನ್ನ ಚೀಲಕ್ಕೆ ಬರುತ್ತದೆ. ಕೆಲವರು ಮಲ ಸಹಿತ ಹಾಗೇ ಬಿಚ್ಚಿ ಎಸೆದಿರುತ್ತಾರೆ. ಅದು ಕೈಗೆ ಹತ್ತುತ್ತದೆ. ನನ್ನ ಲೆಕ್ಕ ಯಾವ ಕಿತಾಬಿನಲ್ಲಿದೆ?"

ನಾನು ಅಂದು ಉತ್ತರಿಸಲಿಲ್ಲ. ಮುಂದಿನ ವಾರ ಮಾತನಾಡೋಣ ಎಂದೆ. ಕೈ ತೊಳೆದರೆ ಪಾಕ್ ಆಗುತ್ತದೆ ಎಂಬ ಸುಲಭದ ಉತ್ತರವಿತ್ತು. ಆದರೆ ಅವರು ಕೇಳಿದ್ದು ಅದನ್ನಲ್ಲ ಎಂದು ನನಗೆ ತಿಳಿದಿತ್ತು.

ಇಪ್ಪತ್ತು ವರ್ಷಗಳಿಂದ ನಾನು ಮಕ್ಕಳಿಗೆ ತಹಾರತ್ ಕಲಿಸುತ್ತಿದ್ದೇನೆ. ನಜಸ್‌ನ ಬಗೆಗಳು, ನೀರಿನ ಬಗೆಗಳು, ತೊಳೆಯುವ ವಿಧಾನ ಎಲ್ಲವನ್ನೂ ಕಂಠಪಾಠ ಮಾಡಿಸುತ್ತೇನೆ. ಆದರೆ ನಜಸ್ಸನ್ನು ನಮ್ಮ ಮೈಯಿಂದ ನಿವಾರಿಸುವುದು ಬೇರೆ, ಅದನ್ನು ನಮ್ಮ ಮೈಯಿಂದ ಇನ್ನೊಬ್ಬರ ಮೈಗೆ ದಾಟಿಸುವುದು ಬೇರೆ ಎಂಬುದನ್ನು ಒಂದು ದಿನವೂ ಕಲಿಸಿರಲಿಲ್ಲ. ನಮ್ಮ ಅಂಗಳ ದಾಟಿದ ಮಾತ್ರಕ್ಕೆ ನಜಸ್ ಇಲ್ಲವಾಗುವುದಿಲ್ಲ. ಅದು ಯಾರದೋ ಕೈಗೆ, ಯಾವುದೋ ಹಳ್ಳಕ್ಕೆ ತಲುಪುತ್ತದೆ. ಆದುದರಿಂದ ಲಂಗೋಟಿಯ ಆಯ್ಕೆಯಲ್ಲಿ ನಾವು ಕೇಳಬೇಕಾದ ಪ್ರಶ್ನೆ ಯಾವುದು ಹೆಚ್ಚು ಪಾಕ್ ಎಂಬುದಲ್ಲ. ಇದರ ಭಾರವನ್ನು ಯಾರ ಮೇಲೆ ಹೊರಿಸುತ್ತಿದ್ದೇವೆ ಎಂಬುದು.

ಡೈಪರ್‌ನ ಭಾರ ಹೊರುವವರು

ಬಳಸಿ ಎಸೆಯುವ ಡೈಪರ್ ಬಹಳ ಹಳೆಯ ವಸ್ತುವಲ್ಲ. ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ 'ಪ್ಯಾಂಪರ್ಸ್' ಅನ್ನು ಮಾರುಕಟ್ಟೆಗೆ ತಂದದ್ದು 1961ರಲ್ಲಿ. ನಮ್ಮ ಕಡೆಯ ಸಣ್ಣ ಅಂಗಡಿಗಳಲ್ಲಿ ಅದು ಬಿಡಿಬಿಡಿಯಾಗಿ ತೂಗಾಡತೊಡಗಿದ್ದು ನಾನು ಕಣ್ಣಾರೆ ಕಂಡ ಬದಲಾವಣೆ. ಅದರ ಹೊರಪದರ ತೆಳು ಪ್ಲಾಸ್ಟಿಕ್. ಮಗುವಿನ ಮೈಗೆ ತಾಗುವ ಮೆತ್ತನೆಯ ಪದರ ಬಟ್ಟೆಯಂತೆ ಕಂಡರೂ ಅದೂ ಪ್ಲಾಸ್ಟಿಕ್‌ನ ಎಳೆಗಳಿಂದ ಮಾಡಿದ್ದೇ. ನಡುವೆ ಮರದ ತಿರುಳು, ಅದರೊಂದಿಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ರಾಸಾಯನಿಕದ ಹರಳುಗಳು. ಈ ಹರಳುಗಳೇ ಮೂತ್ರವನ್ನು ಹೀರಿ ಅಂಟಿನಂತೆ ಉಬ್ಬಿಕೊಳ್ಳುವುದು. ಮೈಗೆ ಒದ್ದೆ ತಾಗದಂತೆ ನೋಡಿಕೊಳ್ಳುವುದು ಈ ವಸ್ತುವಿನ ನಿಜವಾದ ಗುಣ. ಅದನ್ನು ಅಲ್ಲಗಳೆಯಲಾಗದು.

ಆದರೆ ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದು ಡೈಪರ್ ಎಂದರೂ ಎರಡೂವರೆ ವರ್ಷಕ್ಕೆ ಸುಮಾರು 4,500. ಒಂದು ಮಗು ತನ್ನ ಕಾಲ ಮೇಲೆ ನಿಂತು ಓಡಾಡುವ ಹೊತ್ತಿಗೆ ಇಷ್ಟು ಹಿಂದೆ ಬಿಟ್ಟಿರುತ್ತದೆ. ಇದನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಗೊಬ್ಬರವಾಗುವುದಿಲ್ಲ. ಮಣ್ಣಿನಲ್ಲಿ ಹೂತರೆ ಪ್ಲಾಸ್ಟಿಕ್ ಹಾಗೆಯೇ ಉಳಿಯುತ್ತದೆ, ಅಷ್ಟರಲ್ಲಿ ನಾಯಿಗಳು ಕೆದಕಿ ಬೀದಿಗೆ ತರುತ್ತವೆ. ಬಚ್ಚಲ ಒಲೆಗೆ ಹಾಕಿದರೆ ಒದ್ದೆಯಿಂದಾಗಿ ಸರಿಯಾಗಿ ಉರಿಯದೆ ಪ್ಲಾಸ್ಟಿಕ್‌ನ ಹೊಗೆ ಅದೇ ಮಗುವಿನ ಮೂಗಿಗೆ ಬರುತ್ತದೆ. ಕೊನೆಗೆ ಅನೇಕರು ಕತ್ತಲಾದ ಮೇಲೆ ಒಂದು ಕೈಚೀಲದಲ್ಲಿ ಕಟ್ಟಿ ಹಳ್ಳದ ಸೇತುವೆಯ ಮೇಲಿಂದ ಕೆಳಗೆ ಬಿಡುತ್ತಾರೆ. ನಮ್ಮವರೂ ಬಿಡುತ್ತಾರೆ, ಇತರರೂ ಬಿಡುತ್ತಾರೆ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಅದರ ಪಾತ್ರದಲ್ಲಿ ಏನೇನು ಬಿದ್ದಿದೆ ಎಂದು ನೋಡಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಆ ಹಳ್ಳದ ನೀರು ಎಲ್ಲಿಗೆ ಹೋಗುತ್ತದೆ? ಸೊರಬ ಸೀಮೆಯ ಹಳ್ಳಗಳು ದಂಡಾವತಿಗೋ ವರದೆಗೋ ಸೇರುತ್ತವೆ. ವರದೆ ಬನವಾಸಿಯನ್ನು ಬಳಸಿ ಹರಿದು ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ನಾವು ಎಸೆದದ್ದು ಗದ್ದೆಗೆ ನೀರು ಕಟ್ಟುವ ರೈತನ ಕಾಲುವೆಯಲ್ಲಿ, ದನ ನೀರು ಕುಡಿಯುವ ಕಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ನೀರಿನ ತಾಣ, ಜನರು ನಡೆಯುವ ದಾರಿ, ಜನರು ತಂಗುವ ನೆರಳು ಈ ಮೂರು ಕಡೆ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಗುರಿಮಾಡುವ ಕೃತ್ಯವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ಮುಆದ್ ಬಿನ್ ಜಬಲ್(ರ) ವರದಿ ಮಾಡಿದ್ದಾರೆ. ಸ್ವತಃ ಹೋಗಿ ಕುಳಿತುಕೊಳ್ಳುವುದು ನಿಷಿದ್ಧವಾದರೆ, ಅದನ್ನೇ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅಲ್ಲಿಗೆ ಕಳುಹಿಸುವುದು ಹೇಗೆ ಸರಿಯಾದೀತು? ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನ್‌ನ ಒಂದು ಶಾಖೆಯೆಂದು ಮಕ್ಕಳಿಗೆ ಮೊದಲ ತರಗತಿಯಲ್ಲೇ ಕಲಿಸುತ್ತೇವೆ. ದಾರಿಗೆ ತೊಂದರೆಯ ವಸ್ತುವನ್ನು ತಂದು ಹಾಕುವವನ ಸ್ಥಾನ ಯಾವುದೆಂದು ನಾವೇ ಊಹಿಸಿಕೊಳ್ಳಬಹುದು.

ಸರಕಾರದ ನಿಯಮಗಳಲ್ಲೂ ಇದಕ್ಕೆ ಜಾಗವಿದೆ. ಮುಖ್ಯವಾಗಿ ಪಟ್ಟಣಗಳಿಗಾಗಿ ರೂಪಿಸಲಾದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ, ಬಳಸಿದ ಡೈಪರನ್ನು ಭದ್ರವಾಗಿ ಸುತ್ತಿಯೇ ಕೊಡಬೇಕೆಂದಿತ್ತು. ಸುತ್ತಲು ಬೇಕಾದ ಚೀಲವನ್ನು ತಯಾರಕರೇ ಒದಗಿಸಬೇಕೆಂದೂ ಇತ್ತು. ಬೆಂಗಳೂರಿನಲ್ಲಿ 2015ರ ಡಿಸೆಂಬರ್‌ನಲ್ಲಿ ಉಚ್ಚ ನ್ಯಾಯಾಲಯದ ಆದೇಶದೊಂದಿಗೆ 'ಎರಡು ಬುಟ್ಟಿ, ಒಂದು ಚೀಲ'ದ ಪದ್ಧತಿ ಬಂತು. ಹಸಿಕಸಕ್ಕೆ ಹಸಿರು ಬುಟ್ಟಿ, ಡೈಪರ್‌ನಂತಹ ವಸ್ತುಗಳಿಗೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಪುಣೆಯಲ್ಲಿ ಕಸ ಆಯುವ ಮಹಿಳೆಯರ ಸಂಘಟನೆಯು ಇಂತಹ ತ್ಯಾಜ್ಯವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅದರ ಮೇಲೆ ಕೆಂಪು ಚುಕ್ಕೆ ಇಡಿ ಎಂದು ಮನೆಗಳವರಲ್ಲಿ ಕೇಳಿಕೊಂಡಿತು. ಚುಕ್ಕೆ ಕಂಡರೆ ಅದನ್ನು ಬಿಚ್ಚಬೇಕಿಲ್ಲ, ಅಷ್ಟೇ. ಒಂದು ಚುಕ್ಕೆಯನ್ನು ಇಡಲು ನಮಗೆ ಎಷ್ಟು ಹೊತ್ತು ಬೇಕು?

ಬಟ್ಟೆಯ ಭಾರ ಹೊರುವವರು

ಇಷ್ಟನ್ನು ಓದಿ, "ಹಾಗಾದರೆ ಬಟ್ಟೆಯೇ ಸರಿ, ನಾನು ಮೊದಲೇ ಹೇಳಿದ್ದೆ" ಎಂದು ಯಾರಾದರೂ ಅತ್ತೆಯವರು ಸೊಸೆಯ ಕಡೆ ನೋಡುತ್ತಿದ್ದರೆ, ದಯವಿಟ್ಟು ಸ್ವಲ್ಪ ತಾಳಿ. ಯಾರಾದರೂ ಗಂಡಂದಿರು ತಲೆಯಾಡಿಸುತ್ತಿದ್ದರೆ ಅವರೂ ತಾಳಬೇಕು. ಏಕೆಂದರೆ ಈಗ ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನನ್ನ ಮೊದಲ ಮಗ ಹುಟ್ಟಿದ್ದು ಮೃಗಶಿರ ಮಳೆಯಲ್ಲಿ. ತವರಿನಲ್ಲಿ ನಲವತ್ತು ದಿನ ಮುಗಿಸಿ ಪತ್ನಿ ಮನೆಗೆ ಬಂದಾಗ ಪುಷ್ಯ ಮಳೆ ಹಿಡಿದಿತ್ತು. ಮದ್‌ರಸದ ಸಂಬಳದಲ್ಲಿ ಡೈಪರ್‌ನ ಮಾತೇ ಇರಲಿಲ್ಲ. ಹಳೆಯ ಹತ್ತಿ ಸೀರೆ, ನನ್ನ ತಂದೆಯವರ ಹಳೆಯ ಲುಂಗಿ ಹರಿದು ಲಂಗೋಟಿ ಮಾಡಿದ್ದೆವು. ಹಸುಗೂಸು ದಿನಕ್ಕೆ ಹತ್ತು ಹನ್ನೆರಡು ಬಾರಿ ಒದ್ದೆ ಮಾಡುತ್ತದೆ. ಹೊರಗೆ ಎಡೆಬಿಡದ ಮಳೆ. ಬಚ್ಚಲ ಒಲೆಯ ಮೇಲೆ ಬಿದಿರಿನ ಗಳು ಕಟ್ಟಿ ಅದರ ಮೇಲೆ ಒಣಹಾಕಬೇಕು. ಒಂದು ಸಾಲು ಒಣಗುವುದರೊಳಗೆ ಇನ್ನೊಂದು ಸಾಲು ಒದ್ದೆ. ಹೆರಿಗೆಯ ನೋವು ಆರದ ಸೊಂಟದಲ್ಲಿ ಅವಳು ತಣ್ಣೀರಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಒಗೆಯುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಮರುದಿನದ ಪಾಠ ತಯಾರಿಸುತ್ತಿದ್ದೆ. ಆ ದಿನಗಳ ಪಾಠವೂ ತಹಾರತ್‌ನದೇ ಆಗಿತ್ತು.

ಒಂದು ರಾತ್ರಿ ಅವಳು ಬಂದು ಬಾಗಿಲಲ್ಲಿ ನಿಂತು, "ಮೂರು ಸಲ ತೊಳೆದು ಮೂರು ಸಲ ಹಿಂಡಬೇಕು ಎಂದು ಮಕ್ಕಳಿಗೆ ಕಲಿಸುತ್ತೀರಲ್ಲ, ಒಂದು ಸಲ ಹಿಂಡಿ ನೋಡಿ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ದಣಿವಿನಿಂದ ಹೇಳಿದ್ದು. ನಾನು ಅದನ್ನು ತಮಾಷೆಯೆಂದು ತೆಗೆದುಕೊಂಡು ನಕ್ಕುಬಿಟ್ಟೆ. ಮೊದಲ ಮಗನದಾಗಲಿ, ಆಮೇಲೆ ಹುಟ್ಟಿದ ಮಗಳದಾಗಲಿ ಒಂದು ಬಟ್ಟೆಯನ್ನೂ ನಾನು ಹಿಂಡಲಿಲ್ಲ. ಮೂರನೆಯ ಮಗುವಿನ ಹೊತ್ತಿಗೆ ಅವಳಿಗೆ ಜ್ವರ ಬಂದು ನಾಲ್ಕು ದಿನ ಮಲಗಿದಾಗ ಅನಿವಾರ್ಯವಾಗಿ ಬಚ್ಚಲಿಗೆ ಇಳಿದೆ. ಆ ನಾಲ್ಕು ದಿನ ಕಲಿಸಿದ್ದನ್ನು ನನಗೆ ಯಾವ ಮದ್‌ರಸವೂ ಕಲಿಸಿರಲಿಲ್ಲ.

ಪವಿತ್ರ ಕುರ್‌ಆನ್‌ನ ಅಲ್‌ಬಕರಃ ಅಧ್ಯಾಯದ 233ನೇ ಸೂಕ್ತವನ್ನು ನಾವು ಸಾಮಾನ್ಯವಾಗಿ ಎರಡು ವರ್ಷ ಎದೆಹಾಲುಣಿಸುವ ಆದೇಶವೆಂದು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಆದರೆ ಅದೇ ಸೂಕ್ತವು ತಾಯಿಯ ಅನ್ನವಸ್ತ್ರದ ಹೊಣೆಯನ್ನು ತಂದೆಯ ಮೇಲೆ ಹೊರಿಸುತ್ತದೆ. ಯಾರ ಮೇಲೂ ಶಕ್ತಿಮೀರಿದ ಹೊರೆ ಹಾಕಬಾರದೆನ್ನುತ್ತದೆ. ಮಗುವಿನ ಕಾರಣದಿಂದ ತಾಯಿಗೆ ಹಾನಿಯಾಗಬಾರದು, ತಂದೆಗೂ ಆಗಬಾರದು ಎಂದು ಸ್ಪಷ್ಟಪಡಿಸುತ್ತದೆ. ಹಾಲು ಬಿಡಿಸುವ ತೀರ್ಮಾನವನ್ನು ಕೂಡ ಇಬ್ಬರೂ ಸಮಾಲೋಚಿಸಿ, ಇಬ್ಬರ ಒಪ್ಪಿಗೆಯಿಂದ ಕೈಗೊಳ್ಳಬೇಕೆನ್ನುತ್ತದೆ. ಹಾಲು ಬಿಡಿಸುವುದಕ್ಕೇ ಸಮಾಲೋಚನೆ ಬೇಕಾದರೆ, ದಿನವೂ ಬೆನ್ನು ಬಾಗಿಸುವ ಕೆಲಸಕ್ಕೆ ಬೇಡವೇ? ಒಗೆಯದವರು ಕುಳಿತು 'ಬಟ್ಟೆಯೇ ಕಟ್ಟಬೇಕು' ಎಂದು ತೀರ್ಪು ಕೊಡುವುದು ಈ ಸೂಕ್ತದ ಆಶಯಕ್ಕೆ ಎಷ್ಟು ಹೊಂದುತ್ತದೆ?

ಮನೆಯೊಳಗೆ ಪ್ರವಾದಿವರ್ಯರು(ಸ) ಏನು ಮಾಡುತ್ತಿದ್ದರು ಎಂದು ಆಯಿಶಾ(ರ)ರನ್ನು ಕೇಳಿದಾಗ, ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ಸಮಯವಾದಾಗ ಹೊರಡುತ್ತಿದ್ದರು ಎಂದು ಉತ್ತರಿಸಿದ್ದಾರೆ. ಜಮಾಅತ್ ನಮಾಝ್‌ನಲ್ಲಿ ಮಗುವಿನ ಅಳು ಕೇಳಿದರೆ, ತಾಯಿಗೆ ಕಷ್ಟವಾದೀತೆಂದು ಅವರು ನಮಾಝನ್ನು ಸಂಕ್ಷಿಪ್ತಗೊಳಿಸುತ್ತಿದ್ದರು. ತಾಯಿಯ ಕಷ್ಟಕ್ಕಾಗಿ ನಮಾಝನ್ನೇ ಚಿಕ್ಕದಾಗಿಸಿದ ಸುನ್ನತ್ ನಮ್ಮ ಕಣ್ಣ ಮುಂದಿದೆ. ನಾವು ನಮ್ಮ ಮಾತುಕತೆಯನ್ನು, ಮೊಬೈಲನ್ನು ಸ್ವಲ್ಪ ಚಿಕ್ಕದಾಗಿಸಿ ಬಚ್ಚಲಿಗೆ ಹೋಗಲಾರೆವೇ?

ಹಣ, ನೀರು, ಬಿಸಿಲು

ಹಣದ ಮಾತನ್ನೂ ಆಡಿಬಿಡೋಣ. ಒಂದು ಡೈಪರಿಗೆ ಹತ್ತು ರೂಪಾಯಿ ಎಂದು ಹಿಡಿದರೂ ದಿನಕ್ಕೆ ಐದರಂತೆ ತಿಂಗಳಿಗೆ 1,500 ರೂಪಾಯಿ. ಕರ್ನಾಟಕದಲ್ಲಿ 2024-25ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅಂದರೆ ಕೂಲಿ ಮಾಡುವ ತಂದೆ ತಿಂಗಳಲ್ಲಿ ನಾಲ್ಕು ದಿನಕ್ಕೂ ಹೆಚ್ಚು ದುಡಿಯುವುದು ಡೈಪರಿಗಾಗಿಯೇ. ಈ ಖರ್ಚು ತಾಯಿಯ ಹಾಲು ತುಪ್ಪ, ಮೊಟ್ಟೆ, ಸೊಪ್ಪಿನ ಖರ್ಚನ್ನು ನುಂಗುವಂತಿದ್ದರೆ ಅದು ಅಪವ್ಯಯ. ಹಣ ಉಳಿಸಲೆಂದು ಒಂದೇ ಡೈಪರನ್ನು ಬೆಳಗಿನಿಂದ ಸಂಜೆಯವರೆಗೆ ಬಿಡುವವರೂ ಇದ್ದಾರೆ. ಇದು ಮಗುವಿನ ಮೇಲೆ ಮಾಡುವ ಅನ್ಯಾಯ. ಚರ್ಮ ಕೆಂಪಾಗಿ ಸುಲಿಯುವುದಕ್ಕೆ ಮುಖ್ಯ ಕಾರಣ ಒದ್ದೆ ಮತ್ತು ಮಲ ಬಹಳ ಹೊತ್ತು ತಾಗಿರುವುದು. ಅದು ಬಟ್ಟೆಯಲ್ಲೂ ಆಗುತ್ತದೆ, ಡೈಪರ್‌ನಲ್ಲೂ ಆಗುತ್ತದೆ.

ಪರಿಸರದ ದೃಷ್ಟಿಯಿಂದ ಬಟ್ಟೆ ಯಾವಾಗಲೂ ಮೇಲು ಎಂದು ಕಣ್ಣು ಮುಚ್ಚಿ ಹೇಳುವಂತಿಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ವರ್ಷದ ಬಳಕೆಯಿಂದ ವಾತಾವರಣಕ್ಕೆ ಸೇರುವ ಇಂಗಾಲದ ಲೆಕ್ಕ ಎಸೆಯುವ ಡೈಪರಿಗೆ ಸುಮಾರು 550 ಕಿಲೋ, ಬಟ್ಟೆಗೆ ಸುಮಾರು 570 ಕಿಲೋ ಎಂದು ಬಂತು. ಹೆಚ್ಚುಕಡಿಮೆ ಸಮ. ಕಾರಣ, ಅಲ್ಲಿ ಬಿಸಿನೀರಿನ ಯಂತ್ರದಲ್ಲಿ ಒಗೆದು, ವಿದ್ಯುತ್ತಿನ ಯಂತ್ರದಲ್ಲಿ ಒಣಗಿಸುವ ರೂಢಿ. ಹೊರಗೆ ಹಗ್ಗದ ಮೇಲೆ ಒಣಗಿಸಿದರೆ, ಯಂತ್ರ ತುಂಬುವಷ್ಟು ಬಟ್ಟೆ ಸೇರಿಸಿ ಒಗೆದರೆ, ಅದೇ ಬಟ್ಟೆಯನ್ನು ಎರಡನೆಯ ಮಗುವಿಗೂ ಬಳಸಿದರೆ ಬಟ್ಟೆಯ ಹೊರೆ ಸುಮಾರು 200 ಕಿಲೋ ಇಳಿಯುತ್ತದೆಂದು ಅದೇ ಅಧ್ಯಯನ ಹೇಳಿತು. ನಮ್ಮ ಹಳ್ಳಿಯ ಮನೆಗಳಲ್ಲಿ ಈ ಮೂರನ್ನೂ ಯಾರೂ ಹೇಳಿಕೊಡಬೇಕಿಲ್ಲ. ಬಿಸಿಲು ಅಲ್ಲಾಹನು ಬಿಟ್ಟಿಯಾಗಿ ಕೊಟ್ಟದ್ದು, ಅಣ್ಣನ ಬಟ್ಟೆ ತಮ್ಮನಿಗೆ ಬರುವುದು ನಮ್ಮ ಹಳೆಯ ವಾಡಿಕೆ.

ಬಟ್ಟೆಯ ಇನ್ನೊಂದು ಲಾಭವನ್ನು ಹಿರಿಯ ತಾಯಂದಿರು ಬಲ್ಲರು. ಒದ್ದೆಯಾದ ಕೂಡಲೇ ಮಗುವಿಗೂ ತಿಳಿಯುತ್ತದೆ, ತಾಯಿಗೂ ತಿಳಿಯುತ್ತದೆ. ಕಾಲು ಚಾಚಿ ಅದರ ಮೇಲೆ ಮಗುವನ್ನು ಕೂರಿಸಿ, 'ಶ್ಶ್' ಎಂದು ಸದ್ದು ಮಾಡಿ ಹೊತ್ತುಹೊತ್ತಿಗೆ ಅಭ್ಯಾಸ ಮಾಡಿಸುತ್ತಿದ್ದ ನಮ್ಮ ಅಜ್ಜಿಯಂದಿರ ಕ್ರಮ ಡೈಪರ್ ಬಂದ ಮೇಲೆ ಮರೆಯಾಗುತ್ತಿದೆ.

ನೀರಿನ ಬಗ್ಗೆಯೂ ಮಿತಿ ಇರಲಿ. ಪ್ರವಾದಿವರ್ಯರು(ಸ) ಒಂದು ಮುದ್ದ್‌ನಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುವ ಮನೆಯಲ್ಲಿ ಲಂಗೋಟಿಗಾಗಿ ನೀರು ಹೊತ್ತು ತರಬೇಕಾದರೆ, ಆ ವಾರ ಡೈಪರ್ ಬಳಸುವುದರಲ್ಲಿ ತಪ್ಪೇನೂ ಇಲ್ಲ.

ನನ್ನ ಅಭಿಪ್ರಾಯ

ಎಲ್ಲವನ್ನೂ ತೂಗಿ ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು. ಮನೆಯಲ್ಲಿರುವ ಹಗಲು ಹೊತ್ತು, ಬಿಸಿಲಿರುವ ಕಾಲದಲ್ಲಿ, ಬಟ್ಟೆಯೇ ಉತ್ತಮ. ಆದರೆ ಒಂದು ಶರತ್ತಿದೆ. ಒಗೆಯುವ ಕೆಲಸದಲ್ಲಿ ತಂದೆಗೂ ಪಾಲಿರಬೇಕು. ತಂದೆ ಕೈಹಾಕದ ಮನೆಯಲ್ಲಿ ಬಟ್ಟೆಯ ಪರವಾಗಿ ವಾದಿಸುವ ಹಕ್ಕು ತಂದೆಗಿಲ್ಲ. ರಾತ್ರಿ ನಿದ್ದೆಗೆ, ಸೊರಬದಿಂದ ಶಿವಮೊಗ್ಗದವರೆಗಿನ ಬಸ್ ಪ್ರಯಾಣಕ್ಕೆ, ಆಸ್ಪತ್ರೆಗೆ, ಮದುವೆ ಮನೆಗೆ, ಬಟ್ಟೆ ಒಣಗದ ಮಳೆಯ ವಾರಗಳಿಗೆ, ತಾಯಿ ಅಸ್ವಸ್ಥಳಾದಾಗ ಡೈಪರ್ ಇರಲಿ. ಕಷ್ಟವಿರುವಲ್ಲಿ ಸುಲಭಗೊಳಿಸುವುದು ಶರೀಅತ್‌ನ ಸ್ವಭಾವ.

ಬಟ್ಟೆಗೆ ಮೆತ್ತನೆಯ ಹಳೆಯ ಹತ್ತಿ ಸೀರೆ, ಲುಂಗಿ ಸಾಕು. ಇಪ್ಪತ್ತು ಇಪ್ಪತ್ತೈದು ತುಂಡುಗಳಿದ್ದರೆ ಒಂದು ಮನೆ ನಡೆಯುತ್ತದೆ. ಮಲವನ್ನು ಮೊದಲು ಶೌಚಾಲಯದಲ್ಲಿ ಜಾಡಿಸಬೇಕು, ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸೋಪು ಹಾಕಿ ಒಗೆದು, ಮೂರು ಬೇರೆ ನೀರಿನಲ್ಲಿ ಜಾಲಿಸಿ ಹಿಂಡಬೇಕು. ಯಂತ್ರಕ್ಕೆ ಹಾಕುವುದಾದರೂ ಮಲ ತೆಗೆದ ಮೇಲೆಯೇ ಹಾಕಬೇಕು, ಕೊನೆಯಲ್ಲಿ ಶುದ್ಧ ನೀರಿನ ಜಾಲಿಕೆ ಆಗಿರಬೇಕು. ಬಿಸಿಲಿಲ್ಲದ ದಿನ ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿದರೆ ಮುಗ್ಗಲು ವಾಸನೆ ಉಳಿಯುವುದಿಲ್ಲ.

ಡೈಪರ್ ಬಳಸಿದಾಗ ಮೂರು ನಾಲ್ಕು ಗಂಟೆಗೊಮ್ಮೆ, ಮಲವಾದರೆ ತಕ್ಷಣ ಬದಲಿಸಬೇಕು. ಬಿಚ್ಚಿದ ಮೇಲೆ ಮಲವನ್ನು ಶೌಚಾಲಯಕ್ಕೆ ಹಾಕಿ, ಡೈಪರನ್ನು ಸುರುಳಿ ಸುತ್ತಿ ಅದರದೇ ಪಟ್ಟಿಯಿಂದ ಅಂಟಿಸಿ, ಹಳೆಯ ಪತ್ರಿಕೆಯಲ್ಲಿ ಮಡಿಸಿ, ಮೇಲೆ ಒಂದು ಕೆಂಪು ಗುರುತು ಹಾಕಿ, ಒಣಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೈಗೆ ಕೊಡಬೇಕು. ಕೊಡುವಾಗ ಇದು ಡೈಪರ್ ಎಂದು ಬಾಯಿಬಿಟ್ಟು ಹೇಳಬೇಕು. ಹಳ್ಳಕ್ಕೆ, ಕೆರೆ ಏರಿಗೆ, ಶೌಚಾಲಯದ ಗುಂಡಿಗೆ, ಒಲೆಗೆ ಹಾಕಬಾರದು. ಹಾಸಿಗೆ ಹಿಡಿದ ವೃದ್ಧ ತಂದೆತಾಯಿಗೆ ಡೈಪರ್ ಬಳಸುವ ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಜಮಾಅತ್‌ನ ಹಿರಿಯರಲ್ಲೂ ಒಂದು ಕೋರಿಕೆ. ಶಾದಿ ಮಹಲ್‌ಗಳಲ್ಲಿ ಇಂತಹ ತ್ಯಾಜ್ಯಕ್ಕೆ ಮುಚ್ಚಳವಿರುವ ಪ್ರತ್ಯೇಕ ಬುಟ್ಟಿ ಇಡಿಸಿ. ಮನೆಮನೆಯಲ್ಲಿ ಪ್ರತ್ಯೇಕಿಸಿ ಕೊಟ್ಟದ್ದು ಘಟಕದಲ್ಲೂ ಪ್ರತ್ಯೇಕವಾಗಿಯೇ ಉಳಿಯುವಂತೆ ಪಂಚಾಯಿತಿಯವರೊಡನೆ ಕುಳಿತು ಮಾತನಾಡಿ. ಅಕೀಕಾಗೆ ಹೋಗುವಾಗ ಎರಡು ತಿಂಗಳಿಗೆ ಚಿಕ್ಕದಾಗಿಬಿಡುವ ಜರಿಯ ಫ್ರಾಕ್‌ಗಳ ಬದಲು ಒಂದು ಕಟ್ಟು ಮೆತ್ತನೆಯ ಹತ್ತಿ ಬಟ್ಟೆಯನ್ನು ಉಡುಗೊರೆ ಕೊಡುವ ರೂಢಿ ಹುಟ್ಟಲಿ.

ಕೊನೆಯದಾಗಿ, ಡೈಪರ್ ಹಾಕಿದ್ದಕ್ಕಾಗಿ ಯಾವ ತಾಯಿಯನ್ನೂ ಸೋಮಾರಿಯೆಂದು ಹಂಗಿಸಬೇಡಿ. ಬಟ್ಟೆ ಕಟ್ಟಿದ್ದಕ್ಕಾಗಿ ಯಾರನ್ನೂ ಬಡವರೆಂದು ಕೀಳಾಗಿ ಕಾಣಬೇಡಿ. ಅವಳ ಮನೆಯ ನೀರು, ಬಿಸಿಲು, ನಿದ್ದೆ, ಆರೋಗ್ಯ ನಮಗೆ ಗೊತ್ತಿರುವುದಿಲ್ಲ.

ಮರುವಾರದ ತರಗತಿಯಲ್ಲಿ ನಾನು ಹಿಂದಿನ ಸಾಲಿನ ಆ ಸಹೋದರಿಗೆ ಉತ್ತರ ಹೇಳಿದೆ. "ನಿಮ್ಮ ಕೈ ನೀರು ಬಿದ್ದ ಕೂಡಲೇ ಪಾಕ್ ಆಗುತ್ತದೆ. ಆದರೆ ನಿಮ್ಮ ಕೈಗೆ ಅದನ್ನು ತಲುಪಿಸಿದ ನಮ್ಮ ಲೆಕ್ಕ ನೀರಿನಿಂದ ತೊಳೆದುಹೋಗುವುದಿಲ್ಲ. ಅದು ಹುಕೂಕುಲ್ ಇಬಾದ್. ನೀವು ಕ್ಷಮಿಸಿದರೆ ಮಾತ್ರ ತೀರುವಂಥದ್ದು" ಎಂದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವರು, "ಕ್ಷಮೆ ದೊಡ್ಡ ಮಾತು ಹಜ್ರತ್. ನಾಳೆಯಿಂದ ಸುತ್ತಿ ಕೊಟ್ಟರೆ ಸಾಕು" ಎಂದರು.

ಅಷ್ಟನ್ನಾದರೂ ನಾವು ಮಾಡೋಣ. ನಮ್ಮ ಮಕ್ಕಳನ್ನು ಶುದ್ಧವಾಗಿಡುವ ಭರದಲ್ಲಿ ಇತರರ ಕೈಗಳನ್ನು, ಇತರರ ನೀರನ್ನು ಮಲಿನಗೊಳಿಸದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ನಮ್ಮ ಮನೆಗಳ ತಾಯಂದಿರ ಭಾರವನ್ನು ಹಂಚಿಕೊಳ್ಳುವ ಮನಸ್ಸನ್ನು ನಮಗೆ ಕರುಣಿಸಲಿ. ಆಮೀನ್.